ಇನ್ನೊಂದೇ ಸಲ

ಡಿವಿಡಿ ಡ್ರೈವಿನ ರೀಜನ್, ಅಂದರೆ ಯಾವ ದೇಶದ ಡಿವಿಡಿಗಳು ಅದರಲ್ಲಿ ಓಡಬೇಕೆಂಬುದನ್ನು, ಇನ್ನೊಂದೇ ಸಲ ಬದಲಾಯಿಸಬಹುದು, ಆಮೇಲೆ ಅದೇ ಕಾಯಂ ಎಂದು ಕಂಪ್ಯೂಟರ್ ಎಚ್ಚರಿಸಿತು. ಗಂಡ ವಿದೇಶದಿಂದ ತರಿಸಿದ್ದ ಕನ್ನಡ ಸಿನಿಮಾದ ಡಿವಿಡಿ ಆಗಲೇ ಒಳಗಿತ್ತು. ಅವನು ಕಾಲು ಕುಣಿಸುತ್ತಾ ಮೌಸ್ ಹಿಡಿದಿದ್ದ.

"ಒತ್ತಬೇಡಿ," ಎಂದಳು ಹೆಂಡತಿ, ಹಿಂದಿನಿಂದ.

ಅವನು ತಿರುಗಲಿಲ್ಲ. ಅವಳು ಎದುರಿಗೇ ಬಂದು ನಿಂತಳು.

"ಒತ್ತಿದರೆ ಇಲ್ಲಿ ಕೊಂಡ ನನ್ನ ಡಿವಿಡಿ ಒಂದೂ ಪ್ಲೇ ಆಗಲ್ಲ. ಇದೇ ಸಿನಿಮಾದ ಡಿವಿಡಿ ನನ್ನ ಹತ್ತಿರಾನೂ ಇದೆಯಲ್ರೀ?"

"ಅದರಲ್ಲಿ ಸೌಂಡ್ ಸರಿಯಿಲ್ಲ ಕಣೇ."

"ನನಗೆ ಚೆನ್ನಾಗೇ ಕೇಳಿಸುತ್ತೆ."

"ನಿನಗೇನು ಗೊತ್ತಾಗುತ್ತೆ?" ಎಂದು ಸಿಡುಕಿ, ಒತ್ತಿಯೇ ಬಿಟ್ಟ.

ಸಿನಿಮಾ ಶುರುವಾಯಿತು. ಬೆಳಿಗ್ಗೆ ಕಸ ಗುಡಿಸುವಾಗ ಅವಳು ಕಿತ್ತಿದ್ದ ಸ್ಪೀಕರ್ ವೈರು ಇನ್ನೂ ನೆಲದ ಮೇಲೇ ಬಿದ್ದಿತ್ತು. ಅವಳು ಹೇಳಲಿಲ್ಲ. ಬೇಕಾದರೆ ತಾನೇ ಸಿಕ್ಕಿಸಿಕೊಳ್ಳಲಿ ಎಂದು ಮುಖ ಊದಿಸಿಕೊಂಡು ಕೂತಳು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಪರದೆಯ ಕೆಳಭಾಗದಲ್ಲಿ ಪಾತ್ರಗಳ ಮಾತೆಲ್ಲ ಇಂಗ್ಲಿಷ್ ಅಕ್ಷರಗಳಾಗಿ ಬರತೊಡಗಿತು. ಅವನ ಕಾಲು ಕುಣಿಯುವುದು ನಿಂತಿತು. ಒಂದೊಂದೇ ಸಾಲು ಓದಿಕೊಳ್ಳುತ್ತಾ ಕುರ್ಚಿಗೆ ಒರಗಿದ.

"ಈಗ ನೋಡು," ಎಂದ, "ಒಂದೊಂದು ಮಾತೂ ಎಷ್ಟು ಸ್ಪಷ್ಟವಾಗಿ ಕೇಳಿಸ್ತಿದೆ."