ಬಾವಿಕಟ್ಟೆಯ ಮೇಲಿನ ತಂಬಿಗೆ

ಕ್ಯಾಮಿಲಸ್ ಅಂಗಿಯ ತೋಳು ಮಡಚಲು ಒಪ್ಪಲಿಲ್ಲ. ಅಬುಧಾಬಿಯ ಬನಿಯಾಸಿನ ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ ಹೆಂಡತಿ ಮಾರ್ಟಿನಾ ಆಗಲೇ ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡು ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದಳು. ಮಗಳು ಫಿಯೋನಾ ತನ್ನ ಸರದಿ ಮುಗಿಸಿ ನರ್ಸ್ ಕೊಟ್ಟ ಚಾಕಲೇಟು ಬಿಡಿಸುತ್ತಿದ್ದಳು. ಉಳಿದವನು ಮನೆಯ ಯಜಮಾನ ಒಬ್ಬನೇ.

"ಪರದೇಶಕ್ಕೆ ಹೋಗುವವರಿಗೆ ಇಂಜೆಕ್ಷನ್, ಸರಿ. ನಾವು ಹೋಗುವುದು ಕಿನ್ನಿಗೋಳಿಗೆ, ನನ್ನ ಮನೆಗೆ. ಅಪ್ಪ ತೋಡಿಸಿದ ಬಾವಿಯ ನೀರು ಕುಡೀಲಿಕ್ಕೆ ಅಬುಧಾಬಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದೆ ಅಂದ್ರೆ ಹೆತ್ತ ಮಾಂಯ್‌ಗೆ ಎಂತ ಅನ್ನಿಸ್ಬಹುದು?" ಎಂದ.

"ಹೀಗೆ ಹೇಳುವವರೇ ಜಾಸ್ತಿ, ಸರ್," ಎಂದಳು ನರ್ಸ್ ಚಂದ್ರಮತಿ. ಅವಳೂ ಊರಿನ ಕಡೆಯವಳೇ, ಪುತ್ತೂರಿನವಳು. "ಹೋಟೆಲಿನಲ್ಲಿ ಉಳಿಯುವವರು ಬಾಟಲಿ ನೀರು ಹುಡುಕ್ತಾರೆ. ಅಮ್ಮನ ಮನೆಗೆ ಹೋದವರು ಕೊಟ್ಟದ್ದನ್ನೆಲ್ಲ ಕುಡೀತಾರೆ. ಜ್ವರ ತಗೊಂಡು ಬರುವುದೂ ಅವರೇ."

ಮಾರ್ಟಿನಾಳಿಗೆ ಅದು ಹೊಸದಲ್ಲ. ನಾಲ್ಕು ವರ್ಷದ ಹಿಂದೆ ರಜೆ ಮುಗಿಸಿ ಬಂದವಳು ಟೈಫಾಯ್ಡಿನಲ್ಲಿ ಹಾಸಿಗೆ ಹಿಡಿದಿದ್ದಳು. ಕೂದಲೆಲ್ಲ ಉದುರಿತ್ತು, ಆಗ ಪುಟ್ಟವಳಾಗಿದ್ದ ಫಿಯೋನಾಳನ್ನು ಪಕ್ಕದ ಫ್ಲ್ಯಾಟಿನ ಸಕೀನ ನೋಡಿಕೊಂಡಿದ್ದಳು. ಚರ್ಚಿನ ಹಬ್ಬದ ದಿನ ತಿಂದ ಗೋಬಿಯೇ ಕಾರಣ ಎಂದು ಕ್ಯಾಮಿಲಸ್ ಅಂದೇ ತೀರ್ಪು ಕೊಟ್ಟುಬಿಟ್ಟಿದ್ದ. ಬಾವಿಯ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಊರಿಗೆ ಹೋದರೆ ಮನೆಯೊಳಗೆ ಕಾಲಿಡುವ ಮೊದಲು ಸೀದಾ ಬಾವಿಕಟ್ಟೆಗೆ ಹೋಗಿ ತಾಯಿ ಅಲ್ಲಿಟ್ಟ ತಂಬಿಗೆಯ ನೀರು ಕುಡಿಯುವುದು ಅವನ ಪದ್ಧತಿ. ಗಟಗಟ ಕುಡಿದು, ಬಾಯಿ ಒರೆಸಿ, "ಈ ರುಚಿ ಇಡೀ ಗಲ್ಫಿನಲ್ಲಿ ಇಲ್ಲ" ಎಂದು ಸಾರಿದ ಮೇಲೆಯೇ ಅವನ ರಜೆ ಶುರು. ವಾರವಿಡೀ ರುವೈಸಿನ ರಿಫೈನರಿಯಲ್ಲಿ ಬಾಟಲಿ ನೀರು ಕುಡಿಯುವ ಮನುಷ್ಯ. ಪ್ರೀತಿ ಅನ್ನಿ, ಹುಚ್ಚು ಅನ್ನಿ, ಅವನಿಗೆ ಎರಡೂ ಆ ಬಾವಿಯೇ.

"ಇವಳಿಗೆ ಒಮ್ಮೆ ಬಂದು ಹೋಗಿದೆ, ಇನ್ನು ಬರ್ಲಿಕ್ಕಿಲ್ಲ. ಇವಳೂ ಸುಮ್ಮನೆ ಹಾಕಿಸಿಕೊಂಡದ್ದು," ಎಂದ ಕ್ಯಾಮಿಲಸ್.

"ಒಮ್ಮೆ ಬಂದವರಿಗೂ ಪುನಃ ಬರ್ತದೆ, ಸರ್. ಈ ಲಸಿಕೆಯನ್ನೂ ಮೂರು ವರ್ಷ ಕಳೆದ ಮೇಲೆ ಪುನಃ ತಗೊಳ್ಬೇಕು. ಅದೂ ಹೊರಡುವ ಎರಡು ವಾರ ಮೊದಲು. ಸೂಟ್‌ಕೇಸ್ ಕಟ್ಟಿ ಏರ್‌ಪೋರ್ಟಿಗೆ ಹೋಗುವಾಗ ನೆನಪಾದ್ರೆ ಮೈಗೆ ಅದು ಹಿಡೀಲಿಕ್ಕೆ ಸಮಯ ಸಾಲುದಿಲ್ಲ. ಮತ್ತೆ, ಇದು ನೂರಕ್ಕೆ ನೂರು ತಡೆಯುದಿಲ್ಲ. ಹಾಕಿಸಿಕೊಂಡ್ರೂ ನೀರು ಕುದಿಸಿಯೇ ಕುಡೀಬೇಕು."

ಕ್ಯಾಮಿಲಸ್ ಇದಕ್ಕೇ ಕಾದಿದ್ದವನಂತೆ, "ನೀರು ಕುದಿಸುವುದೇ ಆದ್ರೆ ಇಂಜೆಕ್ಷನ್ ಯಾಕೆ ಮಾರಾಯ್ತಿ?" ಎಂದ.

"ತಲೆಗೆ ಹೆಲ್ಮೆಟ್ ಉಂಟು ಅಂತ ನೀವು ಕ್ರೇನಿನ ಅಡಿಗೆ ಹೋಗಿ ನಿಲ್ತೀರಾ?" ಎಂದಳು ಮಾರ್ಟಿನಾ.

ಚಂದ್ರಮತಿ ಮುಖ ಆಚೆ ತಿರುಗಿಸಿ ನಕ್ಕಳು. ಕ್ಯಾಮಿಲಸ್‌ಗೆ ರೇಗಿತು. "ಖಲಾಸ್. ಮಾಂಯ್‌ ಹತ್ರವೇ ಕೇಳುವಾ," ಎಂದು ಫೋನು ತೆಗೆದು ಬೋಟಿಮ್‌ನಲ್ಲಿ ವೀಡಿಯೊ ಕರೆ ಮಾಡಿದ. ತಾಯಿ ತನ್ನ ಪಕ್ಷ ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಪರದೆಯ ಮೇಲೆ ತಾಯಿ ಸೆರಾಫಿನ್ ಬಾಯಿಯ ಅರ್ಧ ಹಣೆ, ಉಳಿದರ್ಧ ತಿರುಗುವ ಫ್ಯಾನು ಕಾಣಿಸಿತು. ಹಿಂದಿನಿಂದ ಕಿರಿಮಗಳ ಮಕ್ಕಳ ಗದ್ದಲ. ಮಗ ತನ್ನ ದೂರನ್ನೆಲ್ಲ ಹೇಳಿ ಮುಗಿಸಿದ. "ನಮ್ಮ ಬಾವಿಯ ನೀರಿಗೆ ಸೂಜಿ ಬೇಕಂತೆ, ಮಾಂಯ್. ಇವರಿಗೆ ನೀನೇ ಹೇಳು."

ಸೆರಾಫಿನ್ ಬಾಯಿ ಗದ್ದಲದ ಮಕ್ಕಳನ್ನು ಆಚೆ ಕಳಿಸಿದಳು.

"ಹಾಕಿಸ್ಕೊ, ಪುತಾ," ಎಂದಳು ಮಗನಿಗೆ.

"ಎಂತ?"

"ಮಾರ್ಟಿನಾಗೆ ಜ್ವರ ಬಂತಲ್ಲ, ಆವಾಗಲೇ ನನಗೆ ಸಂಶಯ. ನೀರು ಕೊಂಡುಹೋಗಿ ಪರೀಕ್ಷೆ ಮಾಡಿಸಿದೆ. ಹಾಗೇ ಕುಡೀಬಾರದು ಅಂದ್ರು. ಆಚೆ ಬಾಡಿಗೆ ಮನೆಗಳಾದ ಮೇಲೆ ಅವರ ಕಕ್ಕಸು ಗುಂಡಿಯ ನೀರು ಬಾವಿಗೆ ಇಳೀತದೆ ಕಾಣ್ತದೆ. ಅವತ್ತಿನಿಂದ ಇಲ್ಲಿ ಎಲ್ಲರಿಗೂ ಕುದಿಸಿದ್ದೇ."

ಕ್ಯಾಮಿಲಸ್ ಹೆಂಡತಿಯ ಕಡೆ ನೋಡಲಾರದೆ ಫೋನಿಗೇ ಕಣ್ಣು ನೆಟ್ಟ. ನಾಲ್ಕು ವರ್ಷ ಗೋಬಿಯನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು. ಆದರೂ ಸೋಲು ಅಷ್ಟು ಸುಲಭಕ್ಕೆ ಗಂಟಲಿನಿಂದ ಇಳಿಯುವುದಿಲ್ಲ.

"ಮತ್ತೆ ಅದಾದ ಮೇಲೆ, ಹೋದ ಸಲ ಬಂದಾಗ, ನಾನು ಬಾವಿಕಟ್ಟೆಯಲ್ಲಿ ಕುಡಿದದ್ದು? ನನಗೆ ಎಂತ ಆಯ್ತು? ನೀನೇ ಅಲ್ವಾ ಸೇದಿ ತಂಬಿಗೆಯಲ್ಲಿ ಇಟ್ಟದ್ದು?"

"ಇಟ್ಟದ್ದು ನಾನೇ. ಸೇದಿ ಹಾಗೇ ಇಟ್ಟದ್ದಲ್ಲ," ಎಂದಳು ಸೆರಾಫಿನ್ ಬಾಯಿ. "ಬೆಳಿಗ್ಗೆ ಬೇಗ ಎದ್ದು ಕುದಿಸಿ, ಆರಿಸಿ, ತಣ್ಣಗಾಗ್ಲಿ ಅಂತ ತಂಬಿಗೆಗೆ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದೆ. ನಿನ್ನ ಕಾರು ಗೇಟಿಗೆ ಬಂದ ಮೇಲೆ ಬಟ್ಟೆ ತೆಗೆದೆ."

ಯಾರೂ ನಗಲಿಲ್ಲ. ಮಾರ್ಟಿನಾಳಿಗೆ ಗೆದ್ದ ಖುಷಿಗಿಂತ ಗಂಡನ ಮೇಲೆ ಕನಿಕರವೇ ಹೆಚ್ಚಾಯಿತು. ತೋಳಿನ ಹತ್ತಿ ಬಿಟ್ಟು ಅವನ ಭುಜದ ಮೇಲೆ ಕೈ ಇಟ್ಟಳು.

"ಡ್ಯಾಡಾ, ಇಟ್ಸ್ ಯುವರ್ ಟರ್ನ್," ಎಂದಳು ಫಿಯೋನಾ, ಬಾಯಿ ತುಂಬ ಚಾಕಲೇಟು ಇಟ್ಟುಕೊಂಡು.

ಕ್ಯಾಮಿಲಸ್ ಫೋನನ್ನು ಎಡಗೈಗೆ ಬದಲಿಸಿಕೊಂಡು ಬಲದ ತೋಳು ಮುಂದೆ ಚಾಚಿದ. ಗುಂಡಿ ಬಿಚ್ಚಿ ಅಂಗಿಯ ತೋಳು ಮಡಚಿದವಳು ಮಾರ್ಟಿನಾ. ಸೂಜಿ ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವನು ತಾಯಿಯ ಅರ್ಧ ಹಣೆಯನ್ನೇ ನೋಡುತ್ತಿದ್ದ.

"ಆಯ್ತಾ, ಪುತಾ?"

"ಆಯ್ತು, ಮಾಂಯ್."

"ಈ ಸಲವೂ ತಂಬಿಗೆ ಅಲ್ಲೇ ಇಡ್ತೇನೆ. ನೀನು ಕುಡಿದ ಮೇಲೆ ಆ ಮಾತು ಹೇಳ್ಬೇಕು, ಗಲ್ಫಿನಲ್ಲಿ ಇಲ್ಲ ಅಂತ. ನಿನ್ನ ಅಪ್ಪನ ಬಾವಿ. ಕೇಳ್ಲಿಕ್ಕೆ ನನಗೂ ಬೇಕು."