ಮೂರನೆಯ ಪ್ಲಗ್

ನಿನ್ನೆ ಅಪ್ಪನ ಕಪಾಟಿನಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟ ಹಳೆಯ ಸ್ಪಾರ್ಕ್ ಪ್ಲಗ್ಗೊಂದು ಸಿಕ್ಕಿತು. ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆ ಇನ್ನೂ ಇದೆ.

ಅದು ಅವ್ವ ತೀರಿಕೊಂಡ ವರ್ಷದ್ದು. ಮಳೆ ಹಿಡಿದಾಗಿನಿಂದ ನಮ್ಮ ಹಳೆಯ ಅಂಬಾಸಿಡರ್ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ನನ್ನನ್ನೂ ಕೂರಿಸಿಕೊಂಡು ಬಸವಕಲ್ಯಾಣದಿಂದ ಹುಮನಾಬಾದಿಗೆ, ಮಿಸ್ತ್ರಿ ಇಸ್ಮಾಯಿಲ್ ಚಾಚಾರ ಗ್ಯಾರೇಜಿಗೆ ಹೋದರು. ಚಾಚಾ ಎಂಜಿನ್ ಚಾಲೂ ಇಟ್ಟುಕೊಂಡೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಸಿಕ್ಕಿಸಿದರು. ಮೊದಲೆರಡನ್ನು ತೆಗೆದಾಗ ಎಂಜಿನ್ ಇನ್ನಷ್ಟು ತೊದಲಿತು. ಮೂರನೆಯದನ್ನು ತೆಗೆದಾಗ ಏನೂ ಬದಲಾಗಲಿಲ್ಲ.

“ಇದೇ ನೋಡ್ರಿ, ಕೆಲಸ ಮಾಡವಲ್ದು,” ಎಂದು ಎಂಜಿನ್ ಬಂದ್ ಮಾಡಿ ಪ್ಲಗ್ ಬಿಚ್ಚಿದರು. ಅದರ ಬಿಳಿ ಪಿಂಗಾಣಿಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಹಿಂದಿನ ದಸರಾ ಪೂಜೆಯಲ್ಲಿ ಅವ್ವ, ಬಾನೆಟ್ಟಿಗೆ ಹಚ್ಚಿದ್ದು ಸಾಲದೆಂದು, ಒಳಗೆ ಕೈಗೆ ಎಟುಕಿದ್ದಕ್ಕೂ ಹಚ್ಚಿದ್ದಳು.

“ವಿಭೂತಿ ತೇವ ಹಿಡದು ಕರೆಂಟ್ ಇದರ ಮ್ಯಾಲಿಂದನ ಹೋಗಾಕತ್ತದ್ರಿ. ಒರಸಿ ಹಾಕಿದ್ರ ಆತು.” ಚಾಚಾ ಬಟ್ಟೆ ಕೈಗೆತ್ತಿಕೊಂಡರು.

“ಒರಸಬ್ಯಾಡ್ರಿ,” ಎಂದು ಅಪ್ಪ ಕೈ ಚಾಚಿದರು. “ಹೊಸಾದು ಹಾಕ್ರಿ.”

ಚಾಚಾ ಅಪ್ಪನ ಮುಖ ನೋಡಿದರು. ಪ್ಲಗ್ ಕೊಟ್ಟು, ಆ ಬಟ್ಟೆಯಿಂದ ತಮ್ಮ ಕೈಯನ್ನೇ ಒರೆಸಿಕೊಂಡರು. ಹೊಸದು ಕೂತಮೇಲೆ ಎಂಜಿನ್ ಮೆತ್ತಗೆ, ಒಂದೇ ಸಮ ಓಡಿತು.

“ಈಗ ನಡುಗವಲ್ದು ನೋಡ್ರಿ.”

“ಹೌದ್ರಿ,” ಎಂದರು ಅಪ್ಪ.

ದಾರಿಯಲ್ಲಿ ಗೇರು ಬದಲಿಸಿದ ಕೂಡಲೇ ಅವರ ಎಡಗೈ ಮತ್ತೆ ಮತ್ತೆ ಅಂಗಿಯ ಜೇಬಿನ ಮೇಲೆ ಹೋಗುತ್ತಿತ್ತು.