ಸುನಿಲನ ಮೆತ್ತನೆಯ ಹೊಡೆತ

ಸಂಜೀವಪ್ಪ ಬಾಗಿಲು ತೆರೆದಾಗ ಪೂಲ್ ಟೇಬಲ್ಲಿನ ಕೆಳಗಿನಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಪಕ್ಕದಲ್ಲಿ ಸ್ಪ್ಯಾನರ್. ಕಾಲುಗಳು ರಿಪೇರಿಯ ಅಹ್ಮದ್ ಪಾಷಾನವು.

"ಅಲ್ಲೇನ್ ಮಾಡ್ತಿದ್ದೀಯ?"

"ಮೂಲೆ ಪಾಕೆಟ್ ಬಲೆ ಸಡಿಲ ಆಗಿತ್ತು ಸಾಬ್," ಎನ್ನುತ್ತ ಪಾಷಾ ತೆವಳಿ ಹೊರಬಂದ. "ಬಿಗಿ ಮಾಡ್ದೆ."

ಇನ್ನೆರಡು ಗಂಟೆಯಲ್ಲಿ ಅದೇ ಟೇಬಲ್ಲಿನ ಮೇಲೆ ರಾಜ್ಯ ತಂಡದ ಕೊನೆಯ ಸ್ಥಾನಕ್ಕೆ ಆಟ. ಸುನಿಲ್ ಎದುರು ಪ್ರೇಮ್‌ಕುಮಾರ್. ಪಂದ್ಯದ ಜಾಗಕ್ಕೆ ಚೀಟಿ ಎತ್ತಿದಾಗ ಪುಲಿಕೇಶಿನಗರದ ತನ್ನ ಪಾರ್ಲರೇ ಬಂತೆಂದು ಸಂಜೀವಪ್ಪ ದೇವರಿಗೆ ಕಾಯಿ ಒಡೆಸಿದ್ದ. ಸುನಿಲ್ ಎಂಟು ವರ್ಷ ಆಡಿ ಪಳಗಿದ್ದು ಇಲ್ಲೇ. ಈಗ ಮೂವತ್ತೊಂದು ವಯಸ್ಸು. ಈ ಸಲ ತಪ್ಪಿದರೆ ಆಟ ಬಿಟ್ಟು ಮಾವನ ಹಾರ್ಡ್‌ವೇರ್ ಅಂಗಡಿ ಸೇರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಪ್ರೇಮ್‌ಕುಮಾರನದು ಬಾಗಿಲು ಒದ್ದು ಒಳಗೆ ಬರುವ ಆಟ. ಚೆಂಡು ಹೊರಟದ್ದು ಕಣ್ಣಿಗೆ ಕಾಣುವುದಿಲ್ಲ, ಬಿದ್ದದ್ದು ಮಾತ್ರ ಕಿವಿಗೆ ಕೇಳುತ್ತದೆ. ಸಂಜೀವಪ್ಪನ ಪ್ರಕಾರ ಅದು ಆಟವಲ್ಲ, ಜಲ್ಲಿ ಒಡೆಯುವ ಕೆಲಸ. ಸುನಿಲ್ ಮುಟ್ಟಿದನೋ ಇಲ್ಲವೋ ಎಂಬಂತೆ ಹೊಡೆಯುತ್ತಾನೆ. ಚೆಂಡು ಯೋಚಿಸುತ್ತ ಹೋಗಿ, ಕೊನೆಯಲ್ಲಿ ಕೂದಲೆಳೆಯಷ್ಟು ಕಿಟಕಿಯ ಕಡೆ ಬಾಗಿ, ಪಾಕೆಟ್ಟಿಗೆ ಇಳಿಯುತ್ತದೆ. ಅದನ್ನು ನೋಡಲೆಂದೇ ಹಲಸೂರಿನಿಂದ ಜನ ಬರುತ್ತಿದ್ದರು. ಹೊರಗಿನ ಪಂದ್ಯಗಳಲ್ಲಿ ಮಾತ್ರ ಸುನಿಲ್ ಸೋಲುತ್ತಿದ್ದ; ಮನೇಲಿ ಹುಲಿ, ಬೀದೀಲಿ ಇಲಿ. ಯಾರದೋ ದೃಷ್ಟಿ ತಾಗಿದೆ ಎಂದು ಸಂಜೀವಪ್ಪ ನಂಬಿದ್ದ.

"ಇವತ್ತು ಯಾರು ಗೆಲ್ಬೇಕು ಪಾಷಾ?"

"ನಂಗೆ ಪ್ರೇಮ್‌ಕುಮಾರೇ ಇಷ್ಟ ಸಾಬ್. ಅವ್ನಿಗೆ ಟೇಬಲ್ ಹೆಂಗಿದ್ರೂ ನಡೀತದೆ."

ಸಂಜೀವಪ್ಪ ಮತ್ತೊಮ್ಮೆ ಸ್ಪ್ಯಾನರಿನತ್ತ ನೋಡಿದ. ಪಾಷಾ ಚಹಾಕ್ಕೆಂದು ಮಸೀದಿ ರಸ್ತೆಯತ್ತ ಹೋದದ್ದೇ ತಡ, ಅವನ ಚೀಲದಿಂದ ಮಟ್ಟ ನೋಡುವ ರಸಮಟ್ಟ ತೆಗೆದು ಟೇಬಲ್ಲಿನ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಪಕ್ಕಕ್ಕೆ ಸರಿದು ಕೂತಿತು. ಟೇಬಲ್ ವಾಲಿತ್ತು.

ಉಂಡ ಮನೆಗೆ ಎರಡು ಬಗೆದನಲ್ಲ ಎಂದು ಸಂಜೀವಪ್ಪನಿಗೆ ಉರಿದುಹೋಯಿತು. ಆದರೂ ಕೂಗಾಡಲಿಲ್ಲ. ಗಲಾಟೆಯಾದರೆ ಪಂದ್ಯವೇ ಬೇರೆ ಕಡೆ ಹೋದೀತು. ತಾನೇ ಪಂಚೆ ಎತ್ತಿ ಕಟ್ಟಿ ಕೆಳಗೆ ನುಸುಳಿದ. ಟೇಬಲ್ಲಿನ ಕಾಲಿನ ತಿರುಪು ಬಿಗಿಯಾಗಿತ್ತು, ಬೆರಳು ತರಚಿತು. ಗುಳ್ಳೆಯನ್ನು ನಟ್ಟನಡುವೆ ತಂದು ನಿಲ್ಲಿಸಿಯೇ ಎದ್ದ. ಹೆತ್ತ ಮಗನಿಗೆ ಮಾಡಿದಷ್ಟು ಸಂತೋಷವಾಯಿತು.

ಸುನಿಲ್ ಏಳು–ಒಂದರಲ್ಲಿ ಸೋತ. ಅವನ ಚೆಂಡುಗಳು ಒಂದರ ಹಿಂದೊಂದು ಪಾಕೆಟ್ಟಿನ ಬಾಯಿಯವರೆಗೆ ಬಂದು, ಅಂಚಿಗೆ ತಗುಲಿ ನಿಂತವು. ಕೊನೆಗೆ ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದ.

ಜನ ಕರಗಿದ ಮೇಲೆ ಸಂಜೀವಪ್ಪ ಪಾಷಾನ ಕೊರಳಪಟ್ಟಿ ಹಿಡಿದ. "ಬೆಳಿಗ್ಗೆ ನೀನು ಟೇಬಲ್ ವಾಲಿಸಿದ್ದು ಗೊತ್ತಾಗ್ಲಿಲ್ಲ ಅನ್ಕೊಂಡ್ಯಾ? ನಾನೇ ನೆಟ್ಟಗೆ ಮಾಡ್ದೆ. ಇನ್ನೇನ್ ಮಾಡಿಟ್ಟಿದ್ದೆ, ಹೇಳು."

ಪಾಷಾ ಬಿಡಿಸಿಕೊಳ್ಳಲಿಲ್ಲ. ಟೇಬಲ್ಲಿನ ಕಾಲಿನತ್ತ ಕೈ ತೋರಿಸಿದ.

"ಈ ಹಳೇ ಮನೆ ನೆಲ ಕಿಟಕಿ ಕಡೆ ಕುಸಿದು ಒಂಬತ್ತು ವರ್ಷ ಆಯ್ತು ಸಾಬ್. ಆ ಹುಡುಗನ ಕೈ ಆ ಇಳಿಜಾರಿಗೇ ಕೂತಿದೆ ಅಂತ, ಇಷ್ಟು ದಿನ ನಾನು ನೆಟ್ಟಗೆ ಮಾಡದೆ ಬಿಟ್ಟಿದ್ದೆ."